ಅಪ್‌ಡೇಟ್: ತೋಟದ ಶೆಡ್‌ನ ಮರಗೆಲಸದ ಸದ್ದು ಈಗ ಎಷ್ಟೋ ವಾಸಿ

ಚಿಂತಾಮಣಿ ಹತ್ತಿರದ ತೋಟದ ಶೆಡ್‌ನಲ್ಲಿ ಪ್ಲೇನರ್ (ಮರ ಹೆರೆಯೋ ಮಷಿನ್), ಗರಗಸ ಓಡಿಸಿದರೆ ಪಕ್ಕದ ತೋಟದವರಿಗೆ ಕಿರಿಕಿರಿ, ಏನು ಮಾಡೋದು ಅಂತ ಕೇಳಿದ್ದೆ.

ಥರ್ಮಾಕೋಲ್ ಅಂಟಿಸಿದ್ದು ದಂಡ. ಹಗುರ ವಸ್ತು ಸದ್ದು ತಡೆಯಲ್ಲ, ಮರದ ಪುಡಿ ಇರೋ ಕಡೆ ಬೆಂಕಿಯ ಭಯ ಬೇರೆ. ಸದ್ದು ಸೋರುತ್ತಿದ್ದದ್ದು ಗೋಡೆಗೂ ಚಾವಣಿಯ ತಗಡಿಗೂ ನಡುವಿನ ಸಂದಿಯಲ್ಲಿ. ಪಕ್ಕದವರ ಮನೆ ಕಡೆಯ ಸಂದಿಯನ್ನು ಇಟ್ಟಿಗೆ ಕಟ್ಟಿ ಗಾರೆಯಿಂದ ಮುಚ್ಚಿದೆ. ಗಾಳಿಯಾಡಲಿ ಅಂತ ಎದುರು ಬದಿಯ ಸಂದಿಯನ್ನು ಹಾಗೇ ಬಿಟ್ಟಿದ್ದೇನೆ. ನಡುಕ ನೆಲಕ್ಕೆ ಇಳಿಯದಿರಲಿ ಅಂತ ಮಷಿನ್ ಕಾಲಡಿಗೆ ಕೊಟ್ಟಿಗೆಯ ರಬ್ಬರ್ ಮ್ಯಾಟ್ ತುಂಡು ಇಟ್ಟೆ. ಪ್ಲೇನರ್‌ನಲ್ಲಿ ಒಂದೇ ಸಲ 3 ಮಿ.ಮೀ. ಹೆರೆಯದೆ 1 ಮಿ.ಮೀ.ನಂತೆ ಹೆರೆದರೆ ಕಿರುಚಾಟ ಕಡಿಮೆ. ಮೊಂಡು ಬ್ಲೇಡ್ ಮಾತ್ರ ಬೇಡವೇ ಬೇಡ.

ಶಬ್ದ ಮಾಲಿನ್ಯದ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿಗೆ ಕಟ್ಟುನಿಟ್ಟು ಇದೆ. ಆದರೆ ಇಲ್ಲಿ ಹಾಲು ಕರೆಯೋ ಹೊತ್ತೇ ಮುಖ್ಯ: ಸದ್ದಿಗೆ ಬೆದರಿದ ಹಸು ಹಾಲು ಇಳಿಸಲ್ಲ. ಅದಕ್ಕೇ ಸಂಜೆ 4ಕ್ಕೇ ಸ್ವಿಚ್ ಆಫ್.