ಹಕ್ಕಿ ನಡಿಗೆಯ ಸರ್, ಮೇಡಂಗೆ ಹೇಗೆ ಥ್ಯಾಂಕ್ಸ್ ಹೇಳೋಣ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲಿ ನಮ್ಮ ಭಾನುವಾರದ ಹಕ್ಕಿ ನಡಿಗೆ ನಡೆಸುತ್ತಿದ್ದ ಸರ್ ಮತ್ತು ಮೇಡಂ ಈ ತಿಂಗಳು ಜವಾಬ್ದಾರಿ ಬಿಡುತ್ತಿದ್ದಾರೆ. ಒಂದು ಪೈಸೆ ತೆಗೆದುಕೊಳ್ಳದೆ ಇಷ್ಟು ವರ್ಷ ಮಾಡಿದ್ದಾರೆ. ಹೊಸಬರು ಬಂದರೆ ಮೇಡಂ ತಮ್ಮ ಬೈನಾಕ್ಯುಲರ್ ಕೊರಳಿಂದ ತೆಗೆದು ಅವರ ಕೈಗೇ ಕೊಡುತ್ತಿದ್ದರು. ಹೆಜ್ಜಾರ್ಲೆಯ ಮೇಲಿನ ಕೊಕ್ಕಿನ ಅಂಚಿನಲ್ಲಿ ಸಾಲಾಗಿರುವ ಚುಕ್ಕೆಗಳನ್ನು ನನ್ನ ಮಗಳು ಮೊದಲು ನೋಡಿದ್ದು ಹಾಗೆಯೇ. ಶಾಲು ಹೊದಿಸಿದರೆ ಅದು ಸುಮ್ನೆ ಬೀರು ಸೇರುತ್ತದೆ. ಬೇರೆ ಏನು ಮಾಡಬಹುದು?

ಉತ್ತರ 1:
ಶಾಲು ಬೇಡ ಅನ್ನಬೇಡಿ. ದೊಡ್ಡವರಿಗೆ ಅದು ಮರ್ಯಾದೆ, ಅಲ್ವಾ? ಜೊತೆಗೆ ಮಕ್ಕಳ ಕೈಯಲ್ಲಿ ಹಕ್ಕಿ ಚಿತ್ರ ಬರೆಸಿ, ಪುಸ್ತಕ ಮಾಡಿ ಕೊಡಿ.

ಉತ್ತರ 2:
ಸರ್ ಪ್ರತಿ ವಾರ ತಪ್ಪದೆ, ನೋಡಿದ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಪಟ್ಟಿ ಹಾಕುತ್ತಿದ್ದರು. ಅದು ನಿಂತರೆ ಅವರಿಗೆ ಜಾಸ್ತಿ ಬೇಜಾರು. ಫೆಬ್ರವರಿಯಲ್ಲಿ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್, ಅಂದರೆ ಯಾರು ಬೇಕಾದರೂ ಸೇರಬಹುದಾದ ಹಕ್ಕಿ ಎಣಿಕೆ, ಇರುತ್ತದೆ. ಅಷ್ಟರೊಳಗೆ ಇಬ್ಬರಾದರೂ ಅವರ ಹತ್ತಿರವೇ ಕಲಿತುಕೊಳ್ಳಿ. ಅದರಲ್ಲಿ 15 ನಿಮಿಷ ಎಣಿಸಿದರೂ ಸಾಕು.

ಪ್ರಶ್ನೆ ಕೇಳಿದವರು:
ತುಂಬಾ ಒಳ್ಳೆಯ ಮಾತು. ಶಾಲೂ ಇರಲಿ, ಚಿತ್ರದ ಪುಸ್ತಕವೂ ಇರಲಿ. ಪಟ್ಟಿ ಹಾಕುವುದನ್ನು ನಾನು ಕಲಿಯುತ್ತೇನೆ. ಇನ್ನೊಬ್ಬರು ಯಾರು ಬರುತ್ತೀರಿ?