ಫೈರ್‌ವಾಲ್‌ನ ಅಡ್ಮಿನ್ ಖಾತೆಗೆ ಲಾಕ್‌ಔಟ್ ಒಂದೇ ಕಾವಲು ಸಾಕೇ?

ಹಾಸನ_ನೆಟ್: ನಮ್ಮ ಕಾಫಿ ಕ್ಯೂರಿಂಗ್ ಘಟಕದ ಒಳಜಾಲವನ್ನು ಅಂತರ್ಜಾಲದಿಂದ ಕಾಯುವ ಫೈರ್‌ವಾಲ್‌ನ ಲಾಗ್ (ದಾಖಲೆ) ತೆರೆದರೆ ರಾತ್ರಿಯಿಡೀ ‘ಅಡ್ಮಿನ್’, ‘ರೂಟ್’, ‘ಸಪೋರ್ಟ್’ ಎಂಬ ಹೆಸರುಗಳಲ್ಲಿ ವಿಫಲ ಲಾಗಿನ್‌ಗಳೇ ತುಂಬಿರುತ್ತವೆ. ‘ಟೆಸ್ಟ್’ ಎಂಬ ಖಾತೆಯೇ ನಮ್ಮಲ್ಲಿಲ್ಲ, ಅದನ್ನೂ ಬಿಟ್ಟಿಲ್ಲ. ಮೂರು ಸಲ ತಪ್ಪಿದರೆ ಒಂದು ನಿಮಿಷ ಲಾಕ್ ಆಗುವಂತಿದೆ. ಇಷ್ಟು ಸಾಕೆಂಬುದು ಮಾಲೀಕರ ವಾದ. ತಮ್ಮೆಲ್ಲರ ಅಭಿಪ್ರಾಯವೇನು?

ಬೇಲೂರಿನವ: ಲೆಕ್ಕ ಹಾಕಿ ನೋಡಿ ಸರ್. ನಿಮಿಷಕ್ಕೆ ಮೂರರಂತೆ ಒಂದೇ ಐಪಿ ವಿಳಾಸದಿಂದ ದಿನಕ್ಕೆ 4,320 ಊಹೆಗಳಿಗೆ ಅವಕಾಶವಿದೆ. ಫೋರ್ಟಿಗೇಟ್ ಎಂಬ ಫೈರ್‌ವಾಲ್‌ನ ಮೂಲ ಸೆಟ್ಟಿಂಗ್ ಕೂಡ ಇದೇ, 3 ತಪ್ಪಿಗೆ 60 ಸೆಕೆಂಡು. ಅವಧಿಯನ್ನು 15 ನಿಮಿಷಕ್ಕೆ ಏರಿಸಿದರೆ ಅದು 288ಕ್ಕೆ ಇಳಿಯುತ್ತದೆ.

ಅರಸೀಕೆರೆ_ಸಿಸ್ಟಮ್ಸ್: ದಾಳಿ ಒಂದೇ ವಿಳಾಸದಿಂದ ಬಂದರೆ ಮಾತ್ರ ಆ ಲೆಕ್ಕ ನಿಲ್ಲುತ್ತದೆ. ನೂರಾರು ವಿಳಾಸಗಳಿಂದ ತಲಾ ಎರಡೇ ಊಹೆ ಮಾಡಿ ಸುಮ್ಮನಾಗುವವರಿಗೆ ವಿಳಾಸ ನೋಡಿ ಹಾಕುವ ಲಾಕ್ ತಗಲುವುದೇ ಇಲ್ಲ. ಹಾಗೆಂದು ಖಾತೆಯನ್ನೇ ಲಾಕ್ ಮಾಡುವ ಸಾಧನವಾದರೆ, ಯಾರೋ ದೂರದಲ್ಲಿ ಕೂತು ಬೇಕೆಂದೇ ತಪ್ಪು ಪಾಸ್‌ವರ್ಡ್ ಹಾಕುತ್ತ ನಿಮ್ಮನ್ನೇ ಹೊರಗಿಡಬಹುದು. ಆದ್ದರಿಂದ ಅಡ್ಮಿನ್ ಪುಟ ಅಂತರ್ಜಾಲದ ಕಡೆಗೆ ತೆರೆದಿರಲೇಬಾರದು. ವಾನ್ ಇಂಟರ್‌ಫೇಸಿನಲ್ಲಿ, ಅಂದರೆ ಅಂತರ್ಜಾಲಕ್ಕೆ ಸೇರುವ ಕಡೆ, ಎಚ್‌ಟಿಟಿಪಿಎಸ್ (ಬ್ರೌಸರ್ ಮೂಲಕ), ಎಸ್‌ಎಸ್‌ಎಚ್ (ಕಮಾಂಡ್ ಮೂಲಕ) ಎಂಬ ಎರಡೂ ಅಡ್ಮಿನ್ ಪ್ರವೇಶಗಳನ್ನು ಆಫ್ ಮಾಡಿದ ಮೇಲೆ ಲಾಗ್‌ನಲ್ಲಿ ಆ ಹೆಸರುಗಳು ಉಳಿದರೆ ಹೇಳಿ. ಅಡ್ಮಿನ್ ಪುಟ ತೆರೆಯುವ ಪೋರ್ಟ್ ಸಂಖ್ಯೆ ಬದಲಿಸಿದರಾಯಿತು ಎಂದು ಕೆಲವರು ಹೇಳುತ್ತಾರೆ. ಅದರಿಂದ ಗದ್ದಲ ತಗ್ಗೀತು, ಹುಡುಕಿಕೊಂಡು ಬರುವವನು ನಿಲ್ಲುವುದಿಲ್ಲ.

ಮೂಡಿಗೆರೆ_ಮಳೆ: ಹೇಳುವುದು ಸುಲಭ ಸ್ವಾಮಿ. ಆಷಾಢದಲ್ಲಿ ಮರ ಬಿದ್ದು ರಸ್ತೆ ಮುಚ್ಚಿದಾಗ ಎಸ್ಟೇಟ್ ಆಫೀಸಿನ ಫೈರ್‌ವಾಲನ್ನು ಮನೆಯಿಂದಲೇ ನೋಡಬೇಕಾಗುತ್ತದೆ. ನಂಬಿಕೆಯ ವಿಳಾಸಗಳ ಪಟ್ಟಿ ಹಾಕೋಣವೆಂದರೆ ನಮ್ಮ ಬ್ರಾಡ್‌ಬ್ಯಾಂಡಿನ ಐಪಿ ಆಗಾಗ ಬದಲಾಗುತ್ತದೆ. ಹೊರಗಿನಿಂದ ಪ್ರವೇಶ ಬೇಡವೆಂದರೆ ನಮ್ಮ ಕಡೆ ಕೆಲಸವೇ ನಡೆಯದು.

ಅರಸೀಕೆರೆ_ಸಿಸ್ಟಮ್ಸ್: ಪ್ರವೇಶ ಬೇಡವೆಂದು ನಾನು ಹೇಳಲಿಲ್ಲ. ಮೊದಲು ವಿಪಿಎನ್ (ಅಂತರ್ಜಾಲದ ಮೂಲಕ ಒಳಜಾಲಕ್ಕೆ ಬರುವ ಸುರಕ್ಷಿತ ಸುರಂಗ) ಹಿಡಿದು ಒಳಗೆ ಬನ್ನಿ, ಅಡ್ಮಿನ್ ಪುಟ ಆ ಒಳಜಾಲಕ್ಕೆ ಮಾತ್ರ ಕಾಣಲಿ; ಮನೆಯ ಐಪಿ ಎಷ್ಟು ಸಲ ಬದಲಾದರೂ ಚಿಂತೆಯಿಲ್ಲ. ಆದರೆ ವಿಪಿಎನ್ ಲಾಗಿನ್‌ಗೂ ಇದೇ ಊಹೆಯ ದಾಳಿ ಬರುವುದರಿಂದ, ಅಲ್ಲಿ ಪಾಸ್‌ವರ್ಡ್ ಜೊತೆಗೆ ಸರ್ಟಿಫಿಕೇಟ್ (ಡಿಜಿಟಲ್ ಗುರುತುಪತ್ರ) ಅಥವಾ ಮೊಬೈಲ್ ಆ್ಯಪಿನ ಆರಂಕಿಯ ಕೋಡ್ ಕಡ್ಡಾಯವಾಗಿರಲಿ.

ಬೇಲೂರಿನವ: ಆ ಕೋಡ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಗಡಿಯಾರದ ಆಧಾರದಲ್ಲಿ ಬದಲಾಗುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಫೈರ್‌ವಾಲಿನ ಸಮಯ ತಪ್ಪಿದ್ದರೆ ಸರಿಯಾದ ಕೋಡನ್ನೂ ಒಪ್ಪುವುದಿಲ್ಲ. ಜಾಲದಿಂದ ಸಮಯ ಸರಿಪಡಿಸಿಕೊಳ್ಳುವ ಎನ್‌ಟಿಪಿ ಹೊಂದಿಸಿಡಿ, ಫೈರ್‌ವಾಲಿಗೆ ಕಂಪ್ಯೂಟರನ್ನು ನೇರವಾಗಿ ಜೋಡಿಸುವ ಕನ್ಸೋಲ್ ಕೇಬಲ್ಲೊಂದು ಆಫೀಸಿನಲ್ಲೇ ಇರಲಿ.

ಹಾಸನ_ನೆಟ್: ಒಪ್ಪಿದೆ. ಇಂತಹ ವಿಫಲ ಯತ್ನಗಳನ್ನೆಲ್ಲ ವರದಿ ಮಾಡಬೇಕೇ?

ಅರಸೀಕೆರೆ_ಸಿಸ್ಟಮ್ಸ್: ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ ಅದು ಪಟ್ಟಿ ಮಾಡಿರುವ ಸೈಬರ್ ಘಟನೆಗಳನ್ನು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು. ಪ್ರತಿಯೊಂದು ವಿಫಲ ಊಹೆಗೂ ಪತ್ರ ಬರೆಯುತ್ತ ಕೂರಬೇಕೆಂದು ನನಗನ್ನಿಸುವುದಿಲ್ಲ. ಆದರೆ ಸಾಲು ಸಾಲು ವಿಫಲತೆಗಳ ಬೆನ್ನಿಗೇ ಒಂದು ಯಶಸ್ವಿ ಲಾಗಿನ್ ಕಂಡರೆ ಆ ಗಡುವಿನ ಲೆಕ್ಕ ಆಗಲೇ ಶುರುವಾಯಿತೆಂದು ತಿಳಿಯಿರಿ. ಲಾಗ್‌ಗಳನ್ನು ಫೈರ್‌ವಾಲಿನೊಳಗಷ್ಟೇ ಇಡದೆ ಲಾಗ್ ಸಂಗ್ರಹಿಸುವ ಬೇರೆ ಸಿಸ್‌ಲಾಗ್ ಸರ್ವರಿಗೂ ಕಳುಹಿಸಿ. ಒಳಹೊಕ್ಕವನು ಮೊದಲು ಅಳಿಸುವುದೇ ಅವನ್ನು.

ಮೂಡಿಗೆರೆ_ಮಳೆ: ವಿಪಿಎನ್ ಪ್ರಯತ್ನಿಸುತ್ತೇನೆ. ಅದು ಕೈಕೊಟ್ಟ ದಿನ ಎಸ್ಟೇಟ್ ರೈಟರಿಗೆ ಫೋನ್ ಮಾಡಿ, ಕನ್ಸೋಲ್ ಕೇಬಲ್ ಚುಚ್ಚಿಸಿ, ಒಂದೊಂದೇ ಕಮಾಂಡನ್ನು ಓದಿ ಹೇಳಬೇಕಾದೀತು ಎಂಬ ಆಕ್ಷೇಪವನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.