ಹಿಯರಿಂಗ್ ಏಡ್ ಹಾಕ್ಕೊಂಡು ಪಿಟೀಲು ನುಡಿಸಿದ್ರೆ ಸ್ವರ ನಡುಗುತ್ತೆ, ಏನ್ ಮಾಡ್ಲಿ?

ಮಂದ್ರಷಡ್ಜ:
ಎರಡೂ ಕಿವಿಗೆ ಏಡ್ ಬಂದು ಮೂರು ತಿಂಗಳಾಯ್ತು. ಮಾತು ಚೆನ್ನಾಗೇ ಕೇಳುತ್ತೆ. ಆದ್ರೆ ಪಿಟೀಲು ಕೈಗೆ ತಗೊಂಡ್ರೆ ಸಂಕಟ, ತಾರಸ್ಥಾಯಿಲಿ ಒಂದು ಸ್ವರ ಉದ್ದಕ್ಕೆ ಎಳೆದ್ರೆ ಅದರ ಪಕ್ಕದಲ್ಲೇ ಇನ್ನೊಂದು ಸ್ವರ ನಡುಗ್ತಾ ಕೂತಂಗಿರುತ್ತೆ, ತಂಬೂರಿ ಆಪ್ ಹಾಕಿದ್ರೆ ಸ್ವಲ್ಪ ಹೊತ್ತಿಗೆ ಅದು ತಾನಾಗೇ ಹಿಂದೆ ಸರಿದುಬಿಡುತ್ತೆ, ಕಮಾನು ಜೋರಾಗಿ ಹಾಕಿದ್ರೆ ಒಡೆದ ಸ್ಪೀಕರ್ ಥರ ಕರಕರ. ಕೈ ತಪ್ತಿದೆಯಾ ಕಿವಿ ತಪ್ತಿದೆಯಾ ಗೊತ್ತಾಗ್ತಿಲ್ಲ. ಏಡ್ ತೆಗೆದ್ರೆ ಮೇಲಿನ ತಂತಿ ಅರ್ಧಕ್ಕರ್ಧ ಕೇಳಲ್ಲ. ಮೂವತ್ತು ವರ್ಷದ ಅಭ್ಯಾಸ, ಬಿಡೋ ಮನಸ್ಸಿಲ್ಲ. ಯಾರಾದ್ರೂ ಇದನ್ನ ದಾಟಿ ಬಂದಿದೀರಾ?

ಬಿದಿರುಕೊಳಲು:
ನಿಮ್ಮ ಕೈ ತಪ್ತಿಲ್ಲ, ಅದನ್ನ ಮೊದಲು ನಂಬಿ. ನಾನೂ ಕೊಳಲು ಊದಿ ಊದಿ ನನ್ನ ಮೇಲೇ ಅನುಮಾನ ಪಟ್ಟಿದ್ದೆ. ಏಡ್ ಕುಯ್ ಅಂತ ಕೂಗದಿರ್ಲಿ ಅಂತ ಒಳಗೆ ಫೀಡ್‌ಬ್ಯಾಕ್ ಕ್ಯಾನ್ಸಲರ್ ಇರುತ್ತೆ, ಅದಕ್ಕೆ ಕೊಳಲು ಪಿಟೀಲಿನ ಉದ್ದ ಸ್ವರವೂ ಆ ಕೂಗಿನ ಥರಾನೇ ಕಾಣುತ್ತೆ, ಅಳಿಸೋಕೆ ಹೋಗಿ ನಡುಕ ಸೇರಿಸುತ್ತೆ. ತಂಬೂರಿ ಒಂದೇ ಸಮ ನುಡಿಯೋದ್ರಿಂದ ನಾಯ್ಸ್ ರಿಡಕ್ಷನ್ ಅದನ್ನ ಫ್ಯಾನ್ ಸದ್ದು ಅನ್ಕೊಂಡು ತಗ್ಗಿಸುತ್ತೆ. ಏಡ್ ಹೊಂದಿಸಿಕೊಡೋ ಆಡಿಯಾಲಜಿಸ್ಟ್ ಹತ್ರ ಬೇರೆನೇ ಮ್ಯೂಸಿಕ್ ಪ್ರೋಗ್ರಾಂ ಕೇಳಿ, ಅದರಲ್ಲಿ ಇವೆರಡನ್ನೂ ಆಫ್ ಮಾಡ್ಸಿ, ಫ್ರೀಕ್ವೆನ್ಸಿ ಲೋಯರಿಂಗ್ (ಕೇಳದ ಎತ್ತರದ ಸದ್ದನ್ನ ತಗ್ಗಿನ ಸ್ಥಾಯಿಗೆ ಇಳಿಸೋದು) ಇದ್ರೆ ಅದನ್ನಂತೂ ತೆಗೆಸ್ಲೇಬೇಕು, ಸ್ವರದ ಜೊತೆ ಹುಟ್ಟೋ ಮೇಲಿನ ಹಾರ್ಮೋನಿಕ್ಸ್ ಕೆಳಗೆ ಎಳೆದು ತಂದ್ರೆ ಶ್ರುತಿ ಎಲ್ಲಿ ಉಳಿಯುತ್ತೆ?

ಕೀಬೋರ್ಡ್‌ಕಿವಿ:
ಕರಕರ ಬೇರೆ ಕಾಯಿಲೆ. ಮಾಮೂಲಿ ಮಾತು 60-65 ಡೆಸಿಬಲ್, ಪಿಟೀಲು ನುಡಿಸೋರ ಕಿವಿ ಹತ್ರ 100 ದಾಟಬಹುದು. ಎಷ್ಟೋ ಏಡ್‌ಗಳು ಮಾತಿಗೆ ಅಂತಾನೇ ಮಾಡಿರೋದು, ಮೈಕಿಂದ ಒಳಗೆ ಹೋಗೋ ಬಾಗಿಲಲ್ಲೇ ಜೋರು ಸದ್ದು ಕತ್ತರಿಸಿ ಹೋಗುತ್ತೆ, ಆಮೇಲೆ ವಾಲ್ಯೂಮ್ ಇಳಿಸಿದ್ರೆ ಒಡೆದ ಸದ್ದೇ ಮೆಲ್ಲಗೆ ಕೇಳುತ್ತೆ ಅಷ್ಟೇ. ನಾನು ಮಾಡೋದು, ಮೈಕಿನ ತೂತುಗಳ ಮೇಲೆ ಸೆಲ್ಲೋಟೇಪ್ ಮೂರು ನಾಲ್ಕು ಪದರ. ಸುಮಾರು 10 ಡೆಸಿಬಲ್ ಹೊರಗೇ ನಿಲ್ಲುತ್ತೆ. ನುಡಿಸಿ ಮುಗಿದ ಮೇಲೆ ಕಿತ್ತುಬಿಡಿ.

ಕೇಳುಗ2:
ಒಂದು ಮಾತು, ಕಿವಿ ನಷ್ಟ ಜಾಸ್ತಿ ಇರೋರು ಫೀಡ್‌ಬ್ಯಾಕ್ ಕ್ಯಾನ್ಸಲರ್ ಪೂರ್ತಿ ಆಫ್ ಮಾಡಿದ್ರೆ ಏಡ್ ನಿಜವಾಗ್ಲೂ ಕೂಗುತ್ತೆ, ಕಡಿಮೆ ಮಾಡ್ಸಿದ್ರೆ ಸಾಕಾಗಬಹುದು. ನಾನು ಬರೀ ಕೇಳೋನು. ಬ್ಲೂಟೂತಲ್ಲಿ ಹಾಡು ಹಾಕಿದ್ರೆ ಮೃದಂಗದ ಎಡಭಾಗ ಸತ್ತೇ ಹೋಗ್ತಿತ್ತು, ಯಾಕಂದ್ರೆ ಕಿವಿಯೊಳಗೆ ಕೂರೋ ರಬ್ಬರ್ ತುದಿ, ಅಂದ್ರೆ ಡೋಮ್, ತೂತಿರೋದಾದ್ರೆ ಅದರಿಂದ ಬೇಸ್ ಎಲ್ಲ ಹೊರಗೆ ಸೋರಿ ಹೋಗುತ್ತೆ. ಮುಚ್ಚಿದ ಡೋಮ್ ಹಾಕ್ಸಿದ ಮೇಲೆ ಬಂತು, ನನ್ನ ದನಿ ನನಗೇ ಗುಂ ಅನ್ನೋದು ಮಾತ್ರ ಅಭ್ಯಾಸ ಆಗೋಕೆ ಟೈಮ್ ಹಿಡೀತು.

ಮಂದ್ರಷಡ್ಜ:
ಎಲ್ರಿಗೂ ಥ್ಯಾಂಕ್ಸ್. ಪಿಟೀಲನ್ನೇ ತಗೊಂಡು ಹೋಗಿ ಆಡಿಯಾಲಜಿಸ್ಟ್ ರೂಮಲ್ಲೇ ನುಡಿಸ್ದೆ, ಬಾಯಲ್ಲಿ ಹೇಳೋದಕ್ಕಿಂತ ಅದೇ ಒಳ್ಳೇದಾಯ್ತು. ವಾದ್ಯ ಎಡಗಿವಿಗೇ ಹತ್ರ ಅಲ್ವಾ, ಮ್ಯೂಸಿಕ್ ಪ್ರೋಗ್ರಾಮಲ್ಲಿ ಎಡಗಡೆ ಏಡಿನ ಸದ್ದು ಸ್ವಲ್ಪ ಇಳಿಸಿಕೊಟ್ರು, ನಾಯ್ಸ್ ರಿಡಕ್ಷನ್ ಆಫ್, ಫೀಡ್‌ಬ್ಯಾಕ್ ಕ್ಯಾನ್ಸಲರ್ ಕಡಿಮೆ. ತಂಬೂರಿ ಈಗ ಜಾಗ ಬಿಟ್ಟು ಕದಲ್ತಿಲ್ಲ. ತಾರ ಪಂಚಮದಲ್ಲಿ ಇನ್ನೂ ಒಂಚೂರು ನಡುಕ ಇದೆ, ಕರಕರಕ್ಕೆ ಇವತ್ತು ಟೇಪ್ ಹಚ್ಚಿ ನೋಡ್ತೀನಿ.